ಬಾತುಕೋಳಿ ಇದ್ದ ಪತಾಕೆ

ಗಾಜಿನ ಬೀರುವಿನ ಬೀಗ ಮುರಿದಿರಲಿಲ್ಲ. ಒಳಗೆ ಇಳಿಬಿಟ್ಟ ಹಗ್ಗದಲ್ಲಿ ಒಂದು ಪತಾಕೆ ಮಾತ್ರ ಕಾಣೆಯಾಗಿತ್ತು.

"ಹಾಡಹಗಲೇ ಕಳ್ಳತನ!" ಕ್ಯಾಪ್ಟನ್ ಕೋಲ್ಬೆ ಊರುಗೋಲು ಕುಟ್ಟಿದರು. "ನಾಳೆ ಆ ಇಂಗ್ಲಿಷ್ ಹೆಂಗಸು ಬರ್ತಾಳೆ, ಮೇಯರ್ ಬರ್ತಾರೆ. ನನ್ನ ಮುಖ ಎಲ್ಲಿಡ್ಲಿ?"

ಅದು ಜರ್ಮನಿಯ ಕೀಲ್ ಬಂದರಿನ ಮಾಜಿ ನಾವಿಕರ ಸಂಘ. ಕೋಲ್ಬೆಯವರ ಜಲಾಂತರ್ಗಾಮಿ ಎರಡನೇ ಮಹಾಯುದ್ಧದಲ್ಲಿ ಮುಳುಗಿಸಿದ ಒಂದೊಂದು ಹಡಗಿಗೂ ಒಂದೊಂದು ಬಿಳಿ ಪತಾಕೆ. ಅದರ ಮೇಲೆ ಹಡಗಿನ ಟನ್ ಲೆಕ್ಕ. ಬಂದರಿಗೆ ಮರಳುವಾಗ ಪೆರಿಸ್ಕೋಪಿಗೆ ಕಟ್ಟಿ ಹಾರಿಸಿಕೊಂಡು ಬರುತ್ತಿದ್ದರು. ಯುದ್ಧ ಮುಗಿದು ಮೂವತ್ತು ವರ್ಷ ದಾಟಿದರೂ ಕ್ಯಾಪ್ಟನ್ನರ ಜಂಬ ಇಳಿದಿರಲಿಲ್ಲ. ಮುಳುಗಿದ ಹಡಗೊಂದರಿಂದ ಬದುಕುಳಿದ ಈಡಿತ್ ಗಾರ್ಸ್ಟಾಂಗ್ ಎಂಬಾಕೆಯ ಕೈಯನ್ನು ಈ ಬೀರುವಿನ ಮುಂದೆಯೇ ಕುಲುಕಬೇಕೆಂದು ಹಟ ಹಿಡಿದವರೂ ಅವರೇ.

ಇನ್ಸ್‌ಪೆಕ್ಟರ್ ವೀಬ್ಕೆ ಪೌಲ್ಸೆನ್‌ಗೆ ಆ ಬೀರು ಹೊಸದಲ್ಲ. ಅವಳಪ್ಪ ಯೆನ್ಸ್ ಅದೇ ಜಲಾಂತರ್ಗಾಮಿಯಲ್ಲಿದ್ದವನು; ಅವರ ಬಾಯಲ್ಲಿ ಅದು ಬರೀ 'ದೋಣಿ'. ಶಾಲೆಯ ದಿನಗಳಲ್ಲಿ ಗೆಳತಿಯರನ್ನು ಕರೆತಂದು, "ಬಾತುಕೋಳಿ ಇರೋದಿದೆಯಲ್ಲ, ಅದು ನಮ್ಮಪ್ಪ ಹೊಲಿದದ್ದು" ಎಂದು ಬೀಗಿದ್ದಳು. ಕಳುವಾಗಿದ್ದು ಅದೇ, ಎಲ್ಲಕ್ಕಿಂತ ಚಿಕ್ಕ ಹಡಗಿನದು.

"ಯಾರ ಮೇಲೆ ಅನುಮಾನ?"

"ಇನ್ಯಾರು? ಆ ಹಳೇ ಸಾಮಾನಿನ ಅಂಗಡಿ ಸೀಗರ್ಟ್. ಮಾರ್ತೀರಾ, ಮಾರ್ತೀರಾ ಅಂತ ತಲೆ ತಿಂತಿದ್ದ."

*

ಸೀಗರ್ಟ್ ನಕ್ಕ. "ಅಲ್ಲ ಮೇಡಂ, ದೊಡ್ಡ ಹಡಗಿಂದು ಬಿಟ್ಟು ಚಿಲ್ಲರೆ ಹಡಗಿಂದು ಯಾರ್ರೀ ಕದೀತಾರೆ? ನಂಗೇನು ತಲೆ ಕೆಟ್ಟಿದೆಯಾ?"

ಮಾತು ನಿಜ. ವೀಬ್ಕೆ ಮತ್ತೆ ಬೀರುವಿನ ಮುಂದೆ ನಿಂತಳು. ಹೋಗಿದ್ದು ನಡುವಿನ ಪತಾಕೆ. ಆದರೆ ನಡುವೆ ಖಾಲಿ ಜಾಗವೇ ಇರಲಿಲ್ಲ! ಕೆಳಗಿನವನ್ನೆಲ್ಲ ಬಿಚ್ಚಿ, ಮೇಲೇರಿಸಿ, ಗಂಟು ಹಾಕಿದ್ದರು.

"ಕ್ಯಾಪ್ಟನ್, ಕಳ್ಳ ಜಾಗ ಯಾಕೆ ಮುಚ್ಚಿದ?"

"ಅದು ನಮ್ಮ ದೋಣಿ ಪದ್ಧತಿ ಕಣಮ್ಮಾ. ಸಾಲಲ್ಲಿ ತೆರಪು ಬಿಟ್ರೆ ಮುಂದಿನ ಸಲ ನಮ್ಮೋರೇ ಒಬ್ರು ವಾಪಸ್ ಬರಲ್ಲ ಅಂತ ನಂಬಿಕೆ..."

ಆ ದೋಣಿಯವರಲ್ಲಿ ಬದುಕಿದ್ದವರು ಇಬ್ಬರೇ. ಕ್ಯಾಪ್ಟನ್ನರ ನಡುಗುವ ಬೆರಳಿಗೆ ಗಂಟು ಹಾಕಲು ಬರುತ್ತಿರಲಿಲ್ಲ. ಇನ್ನೊಬ್ಬ ಅವಳಪ್ಪ.

*

ಅಪ್ಪ ಮೀನು ಹುರಿಯುತ್ತಿದ್ದ. "ಬಾ ಮಗಳೇ, ಊಟ ಮಾಡು."

"ಕೊಡಪ್ಪ."

"ಏನನ್ನ?"

"ಬೀಗದ ಕೈ ನಿನ್ನ ಹತ್ರಾನೂ ಇದೆ. ಹೊರಗಿನೋನಾಗಿದ್ರೆ ಕಿತ್ಕೊಂಡು ಓಡ್ತಿದ್ದ, ತೆರಪು ಮುಚ್ಚೋಕೆ ನಿಲ್ತಿರ್ಲಿಲ್ಲ. ತೆರಪು ಬಿಡೋಕೆ ನಿನ್ನ ಕೈ ಕೇಳ್ಲಿಲ್ಲ, ಅಲ್ವಾ?"

ಯೆನ್ಸ್ ಒಲೆ ಆರಿಸಿದ. ಹಿಟ್ಟಿನ ಡಬ್ಬದ ಹಿಂದಿನಿಂದ ಬಟ್ಟೆ ತೆಗೆದು ಕೊಟ್ಟ. ಮೂಲೆಯಲ್ಲಿ ನೀಲಿ ದಾರದ ಬಾತುಕೋಳಿ. ಅಂಚಿನಲ್ಲಿ ಪುಟ್ಟ ಪುಟ್ಟ ಗುಂಡಿ ತೂತುಗಳು.

"ದೋಣೀಲಿ ಬಿಳಿ ಬಟ್ಟೆ ಮುಗಿದಿತ್ತು. ಇದು ನೀರಲ್ಲಿ ತೇಲ್ತಿತ್ತು. ಕೊಕ್ಕೆ ಹಾಕಿ ಎಳ್ಕೊಂಡೆ. ಮಗುವಿನ ಅಂಗಿ."

"ಮಗು?"

"ನೋಡ್ಲಿಲ್ಲ. ನೋಡ್ಬಾರ್ದು ಅಂತಲೇ ನೋಡ್ಲಿಲ್ಲ." ಅವನು ಬಾಣಲೆ ಕೆಳಗಿಳಿಸಿದ. "ಬಂದರಲ್ಲಿ ಬ್ಯಾಂಡು ಬಾರಿಸ್ತಿದ್ರು. ನಗ್ತಾ ನಗ್ತಾ ನಾನೇ ಹಾರಿಸ್ದೆ ಕಣೇ. ನಾಳೆ ಬರೋಳು ಅದೇ ಹಡಗಿನೋಳು. ಅವಳ ಮಗು ಹೋಯ್ತಂತೆ. ಗುರುತು ಹಿಡಿದ್ರೆ?"

ವೀಬ್ಕೆ ನಾಚಿಕೆಯಿಂದ ಹಿಡಿಯಾದಳು. ಆ ಬಾತುಕೋಳಿಯನ್ನೇ ಬೆರಳು ಮಾಡಿ ತೋರಿಸಿ ಮೆರೆದಿದ್ದಳಲ್ಲ!

"ಸುಟ್ಟುಬಿಡ್ಲಾ?" ಅಪ್ಪ ಕೇಳಿದ.

"ಬೇಡ. ಅದು ನಮ್ಮದಲ್ಲ."

*

ಮರುದಿನ ಮೇಯರ್ ಮಾತು ಶುರುಮಾಡುವ ಮೊದಲೇ ಯೆನ್ಸ್ ಬಟ್ಟೆ ಹಿಡಿದು ಮುಂದೆ ಬಂದ. "ಕದ್ದೋನು ನಾನು. ಎರಡು ಸಲ ಕದ್ದೆ. ಮೊದಲು ನೀರಿಂದ, ಈಗ ಬೀರುವಿಂದ."

"ಥೂ, ಇಡೀ ದೋಣಿ ಮಾನ ಕಳೆದ್ಯಲ್ಲೋ!" ಕೋಲ್ಬೆ ಕಿರುಚಿದರು. ಅವರ ಕಡೆ ಯಾರೂ ತಿರುಗಲಿಲ್ಲ.

ಈಡಿತ್ ಬಟ್ಟೆ ಈಸಿಕೊಂಡಳು. ಬಾತುಕೋಳಿಯನ್ನು ಸವರಿದಳು. ಗುಂಡಿ ತೂತಿನಲ್ಲಿ ಕಿರುಬೆರಳು ತೂರಿಸಿದಳು. ಅಳಲಿಲ್ಲ. ಬಟ್ಟೆಯನ್ನು ಆಚೀಚೆ ತಿರುಗಿಸಿ ಏನನ್ನೋ ಹುಡುಕಿದಳು.

"ತೋಳುಗಳೆಲ್ಲಿ?" ತಡವರಿಸುವ ಜರ್ಮನ್‌ನಲ್ಲಿ ಕೇಳಿದಳು.

ಪತಾಕೆಗೆ ತೋಳು ಬೇಕಿರಲಿಲ್ಲ.

"ಕತ್ತರಿಸಿ ಎಸೆದುಬಿಟ್ಟೆ, ತಾಯೀ" ಅಂದ ಯೆನ್ಸ್.