ಡ್ಯಾಶ್‌ಬೋರ್ಡಿನ ಆಂಜನೇಯ

ಠಾಣೆಗೆ ದೂರು ಕೊಡಲು ಬರುವವರು ಅಳುತ್ತಾ ಬರುತ್ತಾರೆ, ಇಲ್ಲವೇ ಬೈಯುತ್ತಾ ಬರುತ್ತಾರೆ. ಅನಂತಪದ್ಮನಾಭ ಫೈಲು ಹಿಡಿದುಕೊಂಡು ಬಂದರು. ನವೆಂಬರ್ ಹದಿನಾರು, ಭಾನುವಾರ, ಸಂಜೆ ಐದೂವರೆ. ಜಯನಗರ ಒಂಬತ್ತನೇ ಬ್ಲಾಕಿನ ಅವರ ಮನೆಯ ಶೆಡ್ಡಿನಲ್ಲಿದ್ದ 1956ರ ಮೋರಿಸ್ ಮೈನರ್ ಕಾರು ಮಧ್ಯಾಹ್ನ ಮೂರರ ಹೊತ್ತಿಗೆ ಸುಟ್ಟು ಕರಕಲಾಗಿತ್ತು. ಹೊಗೆ ಇನ್ನೂ ಅಡಗಿರಲಿಲ್ಲ, ಅಷ್ಟರೊಳಗೆ ಅವರು ಆರ್.ಸಿ., ಇನ್ಶೂರೆನ್ಸ್ ಪಾಲಿಸಿ, ಕಾರಿನ ಫೋಟೋ ಎಲ್ಲವನ್ನೂ ಜೆರಾಕ್ಸ್ ಮಾಡಿಸಿ ಪಿನ್ ಹೊಡೆದು ತಂದಿದ್ದರು. ಇನ್‌ಸ್ಪೆಕ್ಟರ್ ದಾನಮ್ಮನಿಗೆ ಆಗಲೇ ಒಂಚೂರು ಮೈ ಉರಿಯಿತು.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಅನುಮಾನ ಅಲ್ಲ ಮೇಡಂ, ಗ್ಯಾರಂಟಿ. ಮೌನೇಶ ಅಂತ. ಕಾರು ಒರೆಸೋಕೆ, ಓಡ್ಸೋಕೆ ಇಟ್ಕೊಂಡಿದ್ದೆ. ಹೋದ ಸೋಮವಾರ ಕೆಲಸದಿಂದ ತೆಗೆದೆ. ಇವತ್ತು ಎರಡೂವರೆಗೆ ಮನೆ ಹತ್ರ ಬಂದಿದ್ದಾನೆ. ಎದುರು ಮನೆ ಸಿಸಿಟಿವೀಲಿ ಇದೆ."

"ಯಾಕೆ ತೆಗೆದ್ರಿ?"

"ಹೇಳದೆ ಕೇಳದೆ ಕಾರು ಆಚೆ ತಗೊಂಡು ಹೋದ."

"ಎಲ್ಲಿಗೆ?"

"ಅದೆಲ್ಲ ಈಗ ಯಾಕೆ ಮೇಡಂ? ಎಫ್‌ಐಆರ್ ಕಾಪಿ ಇವತ್ತೇ ಸಿಗತ್ತಾ? ಇನ್ಶೂರೆನ್ಸ್ ಸರ್ವೇಯರ್ ಕೇಳ್ತಾರೆ."

ಘಟನೆಯ ವೇಳೆ ತಾನು ಬಸವನಗುಡಿಯಲ್ಲಿ ಹಳೇ ಕಾರು ಇಟ್ಟುಕೊಂಡವರ ಊಟದ ಕೂಟದಲ್ಲಿದ್ದೆ, ಮನೆಯಲ್ಲಿ ಹೆಂಡತಿ ಸತ್ಯಭಾಮಾ ಮಾತ್ರ ಇದ್ದರು, ಮಾತ್ರೆ ನುಂಗಿ ಮಲಗಿದ್ದರು ಎಂದು ಬರೆದುಕೊಟ್ಟರು. ಬೆಂಕಿ ಹಚ್ಚಿ ಹಾನಿ ಮಾಡಿದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು.

ಆರೂಕಾಲಿಗೆ ದಾನಮ್ಮ ಮತ್ತು ಹೆಡ್ ಕಾನ್‌ಸ್ಟೆಬಲ್ ಚಿಕ್ಕಬೈರಪ್ಪ ಸ್ಥಳಕ್ಕೆ ಹೋದರು. ಶೆಡ್ಡಿನ ಒಂದು ಬಾಗಿಲು ಮನೆಯ ಅಂಗಳಕ್ಕೆ, ಇನ್ನೊಂದು ಹಿಂದಿನ ಸಂದಿಗೆ. ಸಂದಿಯ ಕಡೆ ಕ್ಯಾಮೆರಾ ಇಲ್ಲ, ಯಾರು ಬೇಕಾದರೂ ಬರಬಹುದು. ಶೆಡ್ಡಿನಲ್ಲೇ ಇಡುತ್ತಿದ್ದ ಪೆಟ್ರೋಲ್ ಕ್ಯಾನು ಖಾಲಿಯಾಗಿ ಮೂಲೆಯಲ್ಲಿ ಬಿದ್ದಿತ್ತು. ಇಬ್ಬರು ಪಂಚರ ಎದುರು ಚಿಕ್ಕಬೈರಪ್ಪ ಪಂಚನಾಮೆ ಬರೆಯತೊಡಗಿದ.

ದಾನಮ್ಮ ಟಾರ್ಚ್ ಹಿಡಿದು ಕಾರಿನೊಳಗೆ ಬಗ್ಗಿ ನೋಡಿದಳು. ಸೀಟುಗಳಲ್ಲಿ ಸ್ಪ್ರಿಂಗು ಬಿಟ್ಟು ಮತ್ತೇನೂ ಉಳಿದಿರಲಿಲ್ಲ. ಹಳೇ ಕಾಲದ ಕಬ್ಬಿಣದ ಡ್ಯಾಶ್‌ಬೋರ್ಡು ಮಾತ್ರ ಕಪ್ಪಾಗಿ ಹಾಗೇ ನಿಂತಿತ್ತು. ಅದರ ನಟ್ಟನಡುವೆ ಎರಡು ಸಣ್ಣ ತೂತು. ಉಳಿದ ತೂತುಗಳಲ್ಲೆಲ್ಲ ಸುಟ್ಟ ಸ್ಕ್ರೂ ಇದ್ದವು, ಇವೆರಡು ಮಾತ್ರ ಖಾಲಿ.

"ಇದನ್ನೂ ಬರಿ," ಎಂದಳು.

"ಎರಡು ತೂತಾ ಮೇಡಂ?"

"ಬರಿ ಅಂದ್ನಲ್ಲಪ್ಪ."

ಮೌನೇಶ ಬಿಳೇಕಹಳ್ಳಿಯ ಬಾಡಿಗೆ ಕೋಣೆಯಲ್ಲಿ ಸಿಕ್ಕ. ಓಡಿಹೋಗಿರಲಿಲ್ಲ, ಊಟಕ್ಕೆ ಕೂತಿದ್ದ. ಕೊಪ್ಪಳದ ಕಡೆಯವನು. ಅವನ ಹೆಂಡತಿ ಹುಲಿಗೆವ್ವ ಜೀಪಿನ ಹಿಂದೆಯೇ ಆಟೋ ಹಿಡಿದು ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತಳು. ನಾಳೆ ಸಂಜೆಯೊಳಗೆ ಅವನನ್ನು ಬಿಡಬೇಕು, ಇಲ್ಲವೇ ಆರೋಪಿ ಎಂದು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಸಿಸಿಟಿವಿ ಇದೆ, ಕೆಲಸ ಹೋದ ಸಿಟ್ಟಿದೆ. ಇಷ್ಟು ಸಾಕೆಂದು ಮೇಲಿನವರಿಂದ ಆಗಲೇ ಒಂದು ಫೋನು ಬಂದಿತ್ತು.

ದಾನಮ್ಮ ವಿಜಯಪುರದವಳು. ಬೆಂಗಳೂರಿಗೆ ಬಂದು ಹತ್ತು ವರ್ಷದ ಮೇಲಾಗಿತ್ತು. ತನ್ನ ಕಡೆಯವರ ಜೊತೆ ಮಾತಾಡುವಾಗ ಮತ್ತು ಸಿಟ್ಟು ನೆತ್ತಿಗೇರಿದಾಗ ಮಾತ್ರ ಊರಿನ ಮಾತು ಹೊರಗೆ ಬರುತ್ತಿತ್ತು.

"ಯಾಕ ಹೋಗಿದ್ದಿ ಅಲ್ಲಿಗೆ?"

"ಶೆಡ್ಡಿನ ಕೀಲಿ ನನ್ನ ಕಡೇನ ಉಳದಿತ್ರಿ. ಕೊಡಾಕ ಹೋಗಿದ್ದೆ. ಹಂಗ ಅಮ್ಮಾರು ಆರಾಮ ಅದಾರೇನು ನೋಡಾಕ."

"ಏನಾಗಿತ್ತು ಅಮ್ಮಾರಿಗೆ?"

ಮೌನೇಶ ನೆಲ ನೋಡಿದ. "ಅದನ್ನ ನಾ ಹೇಳಬಾರದ್ರಿ."

"ಕಾರು ಎಲ್ಲಿಗೆ ಒಯ್ದಿದ್ದಿ?"

"ದವಾಖಾನಿಗೆ ರೀ."

"ಬೆಂಕಿ ಹಚ್ಚಿದಿ?"

"ನಮ್ಮವ್ವನ ಆಣಿ ರೀ, ನಾ ಸುಟ್ಟಿಲ್ಲ. ಮಗು ತೊಳದಂಗ ತೊಳದೀನ್ರಿ ಆ ಗಾಡಿನ."

"ಡ್ಯಾಶ್‌ಬೋರ್ಡಿನ್ಯಾಗ ಎರಡು ತೂತು ಅದಾವಲ್ಲ, ಏನವು?"

"ಅಲ್ಲಿ ಪಂಚಲೋಹದ ಆಂಜನೇಯ ಇದ್ದ ರೀ. ಎರಡು ಸ್ಕ್ರೂ ಹಾಕಿ ನಾನ ಕೂಡ್ಸಿದ್ದೆ."

"ಸುಟ್ಟ ಗಾಡ್ಯಾಗ ಆಂಜನೇಯ ಇಲ್ಲ. ಕರಗಿದ ಉಂಡಿನೂ ಇಲ್ಲ, ಸ್ಕ್ರೂನೂ ಇಲ್ಲ. ಬೆಂಕಿ ಹಚ್ಚೂ ಮೊದಲ ಯಾರೋ ಬಿಚ್ಚಿ ತಗದಾರ."

ಮೌನೇಶ ತಲೆ ಎತ್ತಿದ. ಮೆಲ್ಲಗೆ, "ನಾನ ಸುಟ್ಟೀನಿ ಅಂತ ಬರ್ಕೋರಿ ಮೇಡಂ," ಎಂದ.

ಚಿಕ್ಕಬೈರಪ್ಪನಿಗೆ ಖುಷಿಯಾಯಿತು. ದಾನಮ್ಮನಿಗೆ ಪಿತ್ತ ನೆತ್ತಿಗೇರಿತು.

"ಈಗಿನ್ನೂ ಅವ್ವನ ಆಣಿ ಮಾಡಿದಿ! ಹೊರಗ ನಿನ್ನ ಹೆಂಡತಿ ಕೂತಾಳ, ಅಕೀನ ಏನು ಬಾವಿಗೆ ಹಾಕಾವ? ಯಾರನ್ನ ಉಳಸಾಕ ಹೊಂಟೀಯೋ?"

ಅವನು ಕೈ ಮುಗಿದ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ದಾನಮ್ಮ ಜೆ.ಪಿ. ನಗರದಲ್ಲಿ ಇನ್ಶೂರೆನ್ಸ್ ಏಜೆಂಟ್ ಸುಶ್ರುತನ ಎದುರು ಕೂತಿದ್ದಳು. ಪಾಲಿಸಿಗಾಗಿ ಅವನು ತೆಗೆದಿದ್ದ ಫೋಟೋಗಳು ಮೊಬೈಲಿನಲ್ಲಿದ್ದವು. ಡ್ಯಾಶ್‌ಬೋರ್ಡಿನ ನಡುವೆ ಅಂಗೈಯಗಲದ ಆಂಜನೇಯ, ಹಣೆಗೆ ಸಿಂಧೂರ.

"ಈ ಪಾಲಿಸಿ ಮಾಡ್ಸೋಕೆ ಎಷ್ಟು ದಿನ ತಗೊಂಡ್ರು?"

"ಮೂರು ತಿಂಗಳು ನನ್ನ ಪ್ರಾಣ ತಿಂದ್ರು ಮೇಡಂ. ಬರೀ ಥರ್ಡ್ ಪಾರ್ಟಿ ಸಾಕಾ, ಫುಲ್ ಕವರ್ ಬೇಕಾ ಅಂತ. ಹಳೇ ಕಾರಿಗೆ ಮಾಮೂಲಿ ಲೆಕ್ಕ ಹಾಕಿದ್ರೆ ಗುಜರಿ ಬೆಲೆ ಬರತ್ತೆ. ಅದಕ್ಕೆ ಎರಡೂ ಕಡೆಯವರು ಮೊದಲೇ ಒಂದು ಬೆಲೆ ಒಪ್ಕೊಂಡು ಬರೆಯೋ ಪಾಲಿಸಿ ತಗೊಂಡ್ರು. ಬೆಂಕಿ, ಕಳವು, ಮಳೆನೀರು, ಇಂಗ್ಲೆಂಡಿಂದ ತರ್ಸೋ ಸ್ಪೇರ್ ಪಾರ್ಟು, ಒಂದೂ ಬಿಡಲಿಲ್ಲ."

"ಮನೆಯವರಿಗೆ?"

ಸುಶ್ರುತ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ಆಂಟಿ ಹೆಲ್ತ್ ಪಾಲಿಸಿ ಜೂನಲ್ಲಿ ಮುಗೀತು. ಫೋನ್ ಮೇಲೆ ಫೋನ್ ಮಾಡಿದೆ. ಕಾರಿಂದು ಫೈನಲ್ ಆಗ್ಲಿ, ಆಮೇಲೆ ನೋಡೋಣ ಅಂದ್ರು. ಲ್ಯಾಪ್ಸ್ ಆಗೋಯ್ತು. ಸೆಪ್ಟೆಂಬರಲ್ಲಿ ಆಂಟಿಗೆ ಗರ್ಭಕೋಶದಲ್ಲಿ ಗೆಡ್ಡೆ, ಆಪರೇಷನ್ ಆಗ್ಬೇಕು ಅಂತ ಗೊತ್ತಾಯ್ತು. ಈಗ ಹೊಸ ಪಾಲಿಸಿ ತಗೊಂಡ್ರೆ ಆ ಕಾಯಿಲೆಗೆ ಎರಡು ವರ್ಷ ದುಡ್ಡು ಬರಲ್ಲ ಅಂಕಲ್, ಈಗ ಕೈಯಿಂದ್ಲೇ ಹಾಕಿ ಮಾಡಿಸ್ಬಿಡಿ ಅಂದೆ. ಎರಡು ವರ್ಷ ತಾನೇ, ಕಾಯ್ತಾಳೆ ಬಿಡು ಅಂದ್ರು."

"ಅವರು ಕೊನೇ ಸಲ ಯಾವಾಗ ಫೋನ್ ಮಾಡಿದ್ರು?"

"ಹೋದ ಸೋಮವಾರ. ಸೀಟಿನ ಮೇಲೆ ಕಲೆ ಆಗಿದೆ, ಕ್ಲೇಮ್ ಮಾಡಬಹುದಾ ಅಂತ ಕೇಳಿದ್ರು."

"ಎಂಥಾ ಕಲೆ?"

"ರಕ್ತ ಅಂದ್ರು. ಯಾರದ್ದು ಅಂತ ನಾನು ಕೇಳ್ಲಿಲ್ಲ ಮೇಡಂ."

"ಕೇಳಬೇಕಿತ್ತು," ಎಂದು ದಾನಮ್ಮ ಎದ್ದಳು. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು.

ಹನ್ನೊಂದಕ್ಕೆ ಅವಳು ಒಂಬತ್ತನೇ ಬ್ಲಾಕಿನ ಮನೆಯಲ್ಲಿದ್ದಳು. ಅನಂತಪದ್ಮನಾಭ ಗೇಟಿನಲ್ಲೇ ಎದುರಾದರು. "ಒಪ್ಕೊಂಡ್ನಾ ಮೇಡಂ? ಎರಡು ಗಂಟೆಗೆ ಸರ್ವೇಯರ್ ಬರ್ತಾರೆ." ಅವಳು ಶೂ ಬಿಚ್ಚಿ ಒಳಗೆ ಹೋದಳು. ದೇವರ ಮನೆಯ ಬಾಗಿಲು ತೆರೆದೇ ಇತ್ತು. ಮಂಟಪದಲ್ಲಿ ಸಾಲಾಗಿ ಕೂತ ದೇವರುಗಳ ಕೊನೆಯಲ್ಲಿ, ಜಾಗವಿಲ್ಲದಲ್ಲಿ ಜಾಗ ಮಾಡಿ ಇಟ್ಟ ಹಾಗೆ, ಅಂಗೈಯಗಲದ ಆಂಜನೇಯ. ಹಣೆಗೆ ಹೊಸ ಸಿಂಧೂರ. ಪೀಠದಲ್ಲಿ ಎರಡು ತೂತು.

ಸತ್ಯಭಾಮಾ ಅಡುಗೆಮನೆಯಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಐವತ್ತರ ಹೆಂಗಸು. ಮುಖ, ತುಟಿ, ಉಗುರು ಎಲ್ಲ ಬಿಳಿಚಿಕೊಂಡಿದ್ದವು.

"ಅಮ್ಮಾ, ಈ ಆಂಜನೇಯ ಕಾರಿನಲ್ಲಿದ್ದದ್ದಲ್ವಾ?"

"ಹೌದು."

"ಯಾರು ತೆಗೆದದ್ದು?"

"ನಾನೇ. ದೇವರನ್ನ ಸುಡೋಕಾಗತ್ತಾ?"

ಇಷ್ಟು ಸಲೀಸಾಗಿ ಬಂದ ಉತ್ತರಕ್ಕೆ ದಾನಮ್ಮ ಸಿದ್ಧಳಾಗಿರಲಿಲ್ಲ. ಅನಂತಪದ್ಮನಾಭ ಮಧ್ಯೆ ಬಾಯಿ ಹಾಕಿದರು. "ಏನು ಮಾತಾಡ್ತಿದೀಯಾ ನೀನು? ಮೇಡಂ, ಅವಳಿಗೆ ಹುಷಾರಿಲ್ಲ."

"ಗೊತ್ತು, ಸುಮ್ನಿರಿ. ಅಮ್ಮಾ, ನಿನ್ನೆಯಿಂದ ಮೌನೇಶ ಠಾಣೆಯಲ್ಲಿದ್ದಾನೆ. ನಾನೇ ಸುಟ್ಟಿದ್ದು ಅಂತ ಬರ್ಕೊಳ್ಳಿ ಅಂತಿದ್ದಾನೆ."

ಸತ್ಯಭಾಮಾ ಗಂಡನ ಕಡೆ ತಿರುಗಿದರು. "ಅವನ ಹೆಸರು ಕೊಟ್ರಾ ನೀವು?"

ಸತ್ಯಭಾಮಾ ಅಲ್ಲೇ ಹೊಸ್ತಿಲ ಬಳಿ ನೆಲದ ಮೇಲೆ ಕೂತು ಹೇಳಿದರು. ಎಂಟು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ರಕ್ತ ಹೋಗುವುದು ನಿಲ್ಲಲೇ ಇಲ್ಲ. ಬುಕ್ ಮಾಡಿದ ಕ್ಯಾಬು ಎರಡು ಸಲ ಕ್ಯಾನ್ಸಲ್ ಆಯಿತು. ತೊಳೆದು ಒರೆಸಿದ ಕಾರು ಅಂಗಳದಲ್ಲೇ ನಿಂತಿತ್ತು.

"ಇದರಲ್ಲೇ ಕರ್ಕೊಂಡು ಹೋಗಿ ಅಂದೆ. ಒರಿಜಿನಲ್ ಲೆದರ್ ಸೀಟು, ಇರು, ಇನ್ನೊಂದು ಕ್ಯಾಬ್ ನೋಡ್ತೀನಿ ಅಂದ್ರು. ಪೇಪರ್ ಹಾಸ್ಕೊಂಡು ಕೂತ್ಕೋತೀನಿ ಅಂತಲೂ ಅಂದೆ. ಮೌನೇಶ ತಡ್ಕೊಳ್ಳೋಕಾಗದೆ ಬಾಗಿಲು ತೆಗೆದು, ಹತ್ತಿ ಅಮ್ಮಾ ಅಂದ. ಇವರು ಬರಲಿಲ್ಲ. ಮಾರನೇ ದಿನ ನಾನು ವಾಪಸ್ ಬಂದಾಗ ಶೆಡ್ಡಲ್ಲಿ ಕೂತ್ಕೊಂಡು ಸೀಟು ಉಜ್ತಾ ಇದ್ರು. ಹೇಗಿದ್ದೀಯಾ ಅಂತ ಕೇಳ್ಲಿಲ್ಲ. ಕಲೆ ಹೋಗ್ತಾ ಇಲ್ಲ ಅಂದ್ರು."

"ನಿನ್ನೆ?"

"ನಿನ್ನೆ ಊಟಕ್ಕೆ ಹೋಗೋ ಮುಂಚೆಯೂ ಹೋಗಿ ಆ ಸೀಟು ಮುಟ್ಟಿ ನೋಡಿ ಬಂದ್ರು. ಆಮೇಲೆ ನಾನು ಸ್ಕ್ರೂಡ್ರೈವರ್ ತಗೊಂಡು ಹೋದೆ. ನಿನ್ನೆಯೂ ಬ್ಲೀಡಿಂಗ್ ಇತ್ತು. ಇಂಥಾ ದಿನ ದೇವರನ್ನ ಮುಟ್ಟಬಾರದು ಅಂತ ಬೆಳೆದೋಳು ನಾನು. ಮುಟ್ಟಿದೆ. ಅವನೇನೂ ಅನ್ನಲಿಲ್ಲ."

ಮೌನೇಶ ಬಂದು ಗೇಟು ತಟ್ಟಿದ್ದು ಅವರಿಗೆ ಕೇಳಿಸಿತ್ತು. ಕೈಯಲ್ಲಿ ಪೆಟ್ರೋಲಿನ ವಾಸನೆ ಇದ್ದುದರಿಂದ ಬಾಗಿಲು ತೆಗೆದಿರಲಿಲ್ಲ. ಸ್ಕ್ರೂಡ್ರೈವರು, ಎರಡು ಸ್ಕ್ರೂ ಹಿತ್ತಿಲ ತುಳಸಿ ಕಟ್ಟೆಯ ಹಿಂದೆ ಸಿಕ್ಕವು. ಪಂಚರನ್ನು ಕರೆಸಿ ಮಹಜರು ಬರೆದು, ಆಂಜನೇಯನ ಸಮೇತ ಎಲ್ಲವನ್ನೂ ವಶಕ್ಕೆ ತೆಗೆದುಕೊಂಡರು.

ಅನಂತಪದ್ಮನಾಭ ದಾನಮ್ಮನನ್ನು ಹಾಲಿನ ಮೂಲೆಗೆ ಕರೆದರು. ಹೆಂಡತಿಯನ್ನು ಬಿಡಿಸಿಕೊಳ್ಳಲು ಬೇಡಿಕೊಳ್ಳುತ್ತಾರೆಂದು ಅವಳು ಒಂದು ಕ್ಷಣ ನಂಬಿದಳು.

"ಮೇಡಂ, ಮನೆಯವರೇ ಸುಟ್ಟಿದ್ದು ಅಂತ ರಿಪೋರ್ಟಲ್ಲಿ ಬಂದ್ರೆ ಕ್ಲೇಮ್ ರಿಜೆಕ್ಟ್ ಮಾಡ್ತಾರೆ. ಹೇಗಿದ್ರೂ ಆ ಹುಡುಗ ಒಪ್ಕೊಂಡಿದ್ದಾನೆ. ಹಾಗೇ ಬಿಡಬಹುದಲ್ವಾ?"

ದಾನಮ್ಮನ ಮೈಯೆಲ್ಲ ಹೊತ್ತಿಕೊಂಡಿತು. ಸಮವಸ್ತ್ರ ಇಲ್ಲದಿದ್ದರೆ ಆ ಮನುಷ್ಯನ ಕೆನ್ನೆಗೆ ಬಿಗಿಯುತ್ತಿದ್ದಳು, ಅದರಲ್ಲಿ ಅನುಮಾನವೇ ಇಲ್ಲ.

"ನೀವು ಮನಷ್ಯಾರೇನ್ರೀ? ಹೆಂಡ್ತಿ ಸಾಯಾಕ ಹತ್ತಿದ್ರ ಸೀಟು ತಿಕ್ಕೋತ ಕೂತ್ರಿ. ಈಗ ಅಕೀನ್ನ ಹೊತ್ತುಕೊಂಡು ಹೋದ ಹುಡುಗನ್ನ ಜೈಲಿಗೆ ಹಾಕಿ ರೊಕ್ಕ ಎಣಸ್ತೀರಿ? ಒಂದು ಮಾತು ಹೇಳ್ತೀನಿ, ಚಂದಂಗಿ ಕೇಳ್ರಿ. ನಿಮ್ಮ ಸರ್ವೇಯರ್‌ಗೆ ನಾನ ಫೋನ್ ಮಾಡ್ತೀನಿ. ಯಾರು ಸುಟ್ರು, ಯಾಕ ಸುಟ್ರು, ಎರಡೂ ಹೇಳ್ತೀನಿ."

ಅವರು ಚಿಕ್ಕಬೈರಪ್ಪನ ಮುಖ ನೋಡಿದರು. ಚಿಕ್ಕಬೈರಪ್ಪ ಕಿಟಕಿಯಾಚೆ ನೋಡುತ್ತಾ ನಿಂತಿದ್ದ.

ಹನ್ನೆರಡೂ ಮುಕ್ಕಾಲಿಗೆ ದಾನಮ್ಮ ಸತ್ಯಭಾಮಾ ಅವರನ್ನು ಬಂಧಿಸಿದಳು. ಠಾಣೆಗೆ ಫೋನ್ ಮಾಡಿ ಮೌನೇಶನನ್ನು ಬಿಡಲು ಹೇಳಿದಳು. ಬಂಧಿಸಿದವರನ್ನು ಮೊದಲು ವೈದ್ಯರಿಗೆ ತೋರಿಸಬೇಕೆಂಬುದು ಕಾನೂನು, ಆದ್ದರಿಂದ ಜೀಪು ನೇರ ಸರ್ಕಾರಿ ಆಸ್ಪತ್ರೆಗೆ ಹೋಗಬೇಕಿತ್ತು. ಇವರ ಬಣ್ಣ ನೋಡಿದ ಯಾವ ಡಾಕ್ಟರೂ ಅಡ್ಮಿಟ್ ಮಾಡದೆ ಬಿಡುವುದಿಲ್ಲ. ಸೆಪ್ಟೆಂಬರಿನಿಂದ ಕಾಯುತ್ತಿದ್ದ ಹೆಂಗಸಿಗೆ ಹಾಸಿಗೆ ಸಿಗಬೇಕಾದರೆ ಮೊದಲು ಆರೋಪಿಯಾಗಬೇಕಾಯಿತು. ಅದನ್ನು ನೆನೆದರೆ ದಾನಮ್ಮನಿಗೆ ಯಾರ ಮೇಲೆ ರೇಗಬೇಕೆಂದೇ ತಿಳಿಯಲಿಲ್ಲ.

ಚಿಕ್ಕಬೈರಪ್ಪ ಜೀಪಿನ ಹಿಂಬಾಗಿಲು ತೆಗೆದ. ಸತ್ಯಭಾಮಾ ಹತ್ತಲಿಲ್ಲ. ಕಂಕುಳಲ್ಲಿದ್ದ ಚೀಲದಿಂದ ಮಡಚಿದ ಹಳೇ ಪೇಪರು ತೆಗೆದು, ಬಿಡಿಸಿ, ಸೀಟಿನ ಮೇಲೆ ಒಂದರ ಮೇಲೊಂದು ಹಾಸತೊಡಗಿದರು. ಮೂಲೆ ಮಡಚದ ಹಾಗೆ ಅಂಗೈಯಿಂದ ಒತ್ತಿ ಒತ್ತಿ ಸರಿಮಾಡಿದರು.

ದಾನಮ್ಮ ಆ ಪೇಪರುಗಳನ್ನು ಎಳೆದು ಮುದ್ದೆ ಮಾಡಿ ರಸ್ತೆಗೆ ಎಸೆದಳು.

"ಸುಮ್ನ ಕೂಡ್ರಿ ಅಮ್ಮಾ," ಎಂದಳು. "ಸೀಟು ತೊಳದ್ರ ಹೋಗ್ತದ."