ಮಕರಗಳು ಮೊದಲು ಕಂಡ ಮುಖ

ಬಹಳ ಬಹಳ ಹಿಂದೆ, ಚಿನ್ನಕ್ಕೂ ಜೀವ ಬರುತ್ತಿದ್ದ ಕಾಲದಲ್ಲಿ, ಪೊನ್ನವಾಡಿ ಎಂಬ ರಾಜ್ಯವಿತ್ತು. ಅಲ್ಲಿ ಅರಸರಾಗುವವರ ಹಣೆಗೆ ಚಿನ್ನದ ಪಟ್ಟ ಕಟ್ಟುತ್ತಿದ್ದರು. ಅದರ ಎರಡು ತುದಿಗೂ ಒಂದೊಂದು ಮಕರದ ಮುಖ. ಕಟ್ಟುವ ಮೊದಲು ಅಕ್ಕಸಾಲಿ ಅದನ್ನು ಅರಸರ ಮುಖದೆದುರು ಹಿಡಿದು, ಉಳಿಯಿಂದ ಮಕರಗಳ ಕಣ್ಣು ತೆರೆಯುತ್ತಿದ್ದ. ಪಟ್ಟ ಹಣೆಗೇರಿದರೆ ಮಕರಗಳಿಗೆ ಜೀವ. ಮೊದಲು ಯಾರ ಮುಖ ಕಂಡಿದ್ದವೋ ಅವರೇ ಅವಕ್ಕೆ ಒಡೆಯರು.

ಪದುಮಲೆ ಅರಸಿಯಾದ ದಿನ ಮುದುಕ ಅಕ್ಕಸಾಲಿ ಕಾಳೋಜ ಉಳಿ ಆಡಿಸಿ ಪಟ್ಟ ಕಟ್ಟಿದ. ಕಟ್ಟಿದ್ದೇ ತಡ, ಮಕರಗಳು ಹಣೆಯ ನಡುವೆ ಒಂದರ ಮೂತಿಯನ್ನೊಂದು ಕಚ್ಚಿ ಬಿಗಿಯತೊಡಗಿದವು. ಅರಸಿ ಚೀರಿದಳು. ಮಾಂತ್ರಿಕ ಬಿರುಗಣ್ಣ ಸಭೆಯ ನಡುವೆ ಎದ್ದು ನಿಂತ.

“ರಾಜ್ಯ ಕೊಡು, ಬಿಡಿಸುತ್ತೇನೆ. ಇಲ್ಲವಾದರೆ ಹೊತ್ತು ಮುಳುಗುವುದರೊಳಗೆ ನಿನ್ನ ತಲೆ ತೆಂಗಿನಕಾಯಿಯ ಹಾಗೆ ಒಡೆಯುತ್ತದೆ.”

“ಕೊಡೆ,” ಎಂದಳು ಪದುಮಲೆ. ಪಟ್ಟ ಇನ್ನಷ್ಟು ಬಿಗಿಯಿತು.

ಕಾಳೋಜನ ಮಗಳು ಬಾಚಲೆ ಅರಸಿಯ ಬಳಿಗೆ ಓಡಿಬಂದಳು. ಪಟ್ಟಕ್ಕೆ ಉಳಿ ಹಾಕಿದಳು. ಮಕರಗಳು ಉಳಿಯನ್ನು ಕಬ್ಬಿನಂತೆ ಅಗಿದು ಉಗಿದವು. ಕಚ್ಚಿದ ಬಾಯಿ ಬಿಡಲೆಂದು ಮುತ್ತು ತಂದು ಹಿಡಿದಳು. ಹೊಟ್ಟೆಬಾಕ ಮಕರಗಳು ಮುತ್ತೆಲ್ಲ ನುಂಗಿ, ಉಬ್ಬಿ, ಮತ್ತೂ ಬಿಗಿದವು! ಬಿರುಗಣ್ಣ ಕಿಸಕ್ಕನೆ ನಕ್ಕ.

“ಅಪ್ಪಾ, ಕಂಬದ ಹಾಗೆ ನಿಂತಿದ್ದೀಯಲ್ಲ! ಏನಾದರೂ ಹೇಳು.”

ಕಾಳೋಜ ನೆಲ ನೋಡಿದ. “ಮಕರಗಳ ಕಣ್ಣು ನಿನ್ನೆಯೇ ತೆರೆದುಬಿಟ್ಟಿದ್ದೆ, ಮಗಳೇ. ಇಷ್ಟು ಜನರೆದುರು ಕೈ ನಡುಗಿದರೆ ಮಾನ ಹೋದೀತು ಅಂತ. ಇವತ್ತು ಸುಮ್ಮನೆ ಉಳಿ ಆಡಿಸಿದೆ. ನಿನ್ನೆ ಅಂಗಡಿಯಲ್ಲಿ ಉಂಗುರ ನೋಡುವ ನೆಪದಲ್ಲಿ ಆಗ ಎದುರಿಗೆ ಕೂತಿದ್ದವನು ಈ ಬಿರುಗಣ್ಣನೇ. ಹೇಳಿದರೆ ನನ್ನ ತಲೆ ಹೋದೀತೆಂದು ಬಾಯಿ ಮುಚ್ಚಿಕೊಂಡಿದ್ದೆ.”

ಬಾಚಲೆಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡಕ್ಕೂ ಈಗ ಹೊತ್ತಿರಲಿಲ್ಲ. ಅರಗನ್ನು ಉಗುರುಬೆಚ್ಚಗೆ ಮಾಡಿ ಮಕರಗಳ ಕಣ್ಣಿಗೆ ಮೆತ್ತಿದಳು. ಕಾಣದೆ ಅವು ಗಲಿಬಿಲಿಗೊಂಡು ಬಿಗಿಯುವುದನ್ನು ನಿಲ್ಲಿಸಿದವು. ಅರಸಿಯ ಮುಂದೆ ಕಂಚಿನ ಕನ್ನಡಿ ಹಿಡಿಸಿ, ಅವಳ ಮುಖ ಅದರ ತುಂಬ ಕಾಣುವಂತೆ ಓರೆ ಮಾಡಿಸಿದಳು.

“ತಾಯೀ, ಅಲುಗಾಡಬೇಡಿ.”

“ನಿನ್ನ ಕೈ ನಡುಗುತ್ತಿದೆಯಲ್ಲೇ!”

“ನಡುಗಲಿ ಬಿಡಿ, ನಿಲ್ಲಿಸುವುದಿಲ್ಲ.”

ಸಣ್ಣ ಉಳಿಯಿಂದ ಅರಗನ್ನು ಕೆತ್ತಿ ತೆಗೆದಳು. ನಾಲ್ಕು ಕಣ್ಣು ಹೊಸದಾಗಿ ತೆರೆದವು, ಕನ್ನಡಿಯಲ್ಲಿ ಪದುಮಲೆಯ ಮುಖ ಕಂಡವು. ಕಚ್ಚಿದ ಮೂತಿ ಸಡಿಲವಾಯಿತು. ಅರಸಿ ಎದೆ ತುಂಬ ಉಸಿರೆಳೆದಳು. ಅವಳ ಜೊತೆಗೆ ಇಡೀ ಸಭೆ ಉಸಿರೆಳೆಯಿತು.

ಮಕರಗಳು ನೆಲಕ್ಕೆ ಧುಮುಕಿ ಬಿರುಗಣ್ಣನ ಜಡೆಯನ್ನು ಬುಡಸಮೇತ ಕಚ್ಚಿ ತಂದವು. ಅವನ ಮಾಯೆಯೆಲ್ಲ ಇದ್ದದ್ದು ಆ ಜಡೆಯಲ್ಲೇ. ಬೋಳು ತಲೆ ಸವರಿಕೊಳ್ಳುತ್ತ ಓಡಿದವನು ಮತ್ತೆ ಆ ಕಡೆ ಸುಳಿಯಲಿಲ್ಲ.

ಕಾಳೋಜ ಅರಸಿಯೆದುರು ಕತ್ತು ಬಗ್ಗಿಸಿ ಕೂತ.

ಪದುಮಲೆ ಕೆಂಪಾದ ಹಣೆ ಉಜ್ಜಿಕೊಳ್ಳುತ್ತ ಹೇಳಿದಳು: “ತಲೆ ನೋಯುತ್ತಿರುವುದು ನನಗೆ. ನೀವೇಕೆ ಬಗ್ಗಿಸಿಕೊಂಡು ಕೂತಿದ್ದೀರಿ? ಏಳಿ ಅಜ್ಜಾ, ಊಟಕ್ಕೆ ಹೊತ್ತಾಯಿತು.”

ಆಗ ಬಾಚಲೆ ತಡೆದಿದ್ದ ಅಳುವನ್ನೆಲ್ಲ ಅತ್ತಳು. ಆಮೇಲೆ ಎಲ್ಲರೂ ಹೊಟ್ಟೆ ತುಂಬ ಉಂಡರು, ಬಹುಕಾಲ ನೆಮ್ಮದಿಯಿಂದ ಬಾಳಿದರು.