ಗುರುವಾರದ ಅಭ್ಯಾಸದ ಗಂಟೆ

"ನೀವು ಹೇಳ್ತಿರೋದು ಬೆಕ್ಕಿನ ವಿಷಯ ಅಲ್ಲ, ಅಲ್ವಾ?"

ಪರದೆಯ ಮೇಲಿದ್ದ ಆ ಅಪರಿಚಿತ ಕೇಳಿದ್ದು ಇಷ್ಟೇ. ನಿಲ್ಡಾ ಪರದೆಯಿಂದ ಕಣ್ಣು ತೆಗೆದಳು.

ಅದು ಬರೀ ಅಭ್ಯಾಸ. ಆನ್‌ಲೈನ್‌ನಲ್ಲಿ ಮನಃಶಾಸ್ತ್ರದ ಸ್ನಾತಕೋತ್ತರ ಪದವಿಗೆ ಸೇರಿದವರಿಗೆಲ್ಲ ಗುರುವಾರ ಸಂಜೆ ಒಂದು ಗಂಟೆ ಜೋಡಿ ಅಭ್ಯಾಸ. ಒಬ್ಬರು ಆಪ್ತಸಮಾಲೋಚಕರು, ಇನ್ನೊಬ್ಬರು ನೋವು ಹೇಳಿಕೊಳ್ಳಲು ಬಂದವರು. ಕಥೆ ಕಟ್ಟಿ ಹೇಳಿದರೂ ನಡೆಯುತ್ತದೆ ಎಂದಿದ್ದರು ಪ್ರಾಧ್ಯಾಪಕಿ.

ನಿಲ್ಡಾ ಕಳೆದುಹೋದ ಬೆಕ್ಕಿನ ಕಥೆ ಕಟ್ಟಿದ್ದಳು. "ಬಂದ್ರೆ ಒಳಗೆ ಬರ್ಲಿ ಅಂತ ಬಾಗಿಲಿಗೆ ಚಿಲಕ ಹಾಕಲ್ಲ" ಎಂದಿದ್ದಳು.

"ಬೆಕ್ಕಾದ್ರೆ ಕಿಟಕೀಲೂ ಬರುತ್ತೆ" ಎಂದ ಆತ ಮೆಲ್ಲಗೆ. "ಚಿಲಕ ತೆಗೆದಿಡೋದು ಮನುಷ್ಯರಿಗೆ."

ಅವಳು ಬಿಕ್ಕಿದಳು. ಮರುಕ್ಷಣ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. ನಾಲ್ಕು ವರ್ಷದಿಂದ ಯಾರ ಮುಂದೆಯೂ ಹಾಕದ ಕಣ್ಣೀರು... ಹೆಸರೂ ಸರಿಯಾಗಿ ಗೊತ್ತಿಲ್ಲದವನ ಮುಂದೆ.

ನಿಲ್ಡಾ ಒಯಾರ್ಸೊ ಚಿಲಿ ದೇಶದ ದಕ್ಷಿಣದಲ್ಲಿರುವ ಚಿಲೊಯೆ ದ್ವೀಪಗಳಲ್ಲಿ ಒಂದಾದ ಕಿಂಚಾವೊದ ಶಾಲೆಯಲ್ಲಿ ಟೀಚರು. ಮನೆಯಲ್ಲಿ ನೆಟ್‌ವರ್ಕ್ ಸಿಗದು. ಹಾಗಾಗಿ ಶಾಲೆ ಬಿಟ್ಟ ಮೇಲೆ ಮೂಲೆಯ ಕೋಣೆಯಲ್ಲಿ, ಸೌದೆ ಒಲೆಯ ಪಕ್ಕ ಕೂತು ಓದುತ್ತಿದ್ದಳು. ಮುಂದಿನ ಗುರುವಾರ ಬೇರೆ ಜೋಡಿ ಕೇಳಬೇಕೆಂದುಕೊಂಡಿದ್ದಳು. ಯಾಕೋ ಕೇಳಲಿಲ್ಲ.

"ಕಳೆದ ವಾರ ಕೇಳಬಾರದ್ದನ್ನ ಕೇಳಿಬಿಟ್ಟೆ. ಕ್ಷಮಿಸಿ" ಎಂದ ಅವನು. ಎಲಿಸೆಯೊ ಚಾಲ್ಲಾಪಾ. ದೇಶದ ಇನ್ನೊಂದು ತುದಿಯ, ಉತ್ತರದ ಮರುಭೂಮಿಯ ಕಲಾಮಾದಲ್ಲಿ ಆಸ್ಪತ್ರೆಯ ನರ್ಸ್.

"ನೀವು ಕೇಳಿದ್ದು ಸರಿಯಾಗೇ ಇತ್ತು. ನಾನೇ ಸುಳ್ಳು ಹೇಳೋದನ್ನ ಚೆನ್ನಾಗಿ ಕಲೀಬೇಕು."

ಅವನು ನಕ್ಕ. ಅವಳಿಗೂ ನಗು ಬಂತು.

"ನಿಮ್ಮೂರಲ್ಲಿ ಮಳೆ ನಿಲ್ಲೋದೇ ಇಲ್ವಾ? ಯಾವಾಗ ನೋಡಿದ್ರೂ ಹಿಂದೆ ಅದೇ ಸದ್ದು."

"ನಿಮ್ಮೂರಲ್ಲಿ ಶುರುವಾಗೋದೇ ಇಲ್ವಲ್ಲ. ಅದಕ್ಕೇ ಕಿವಿ ಅಷ್ಟು ಚುರುಕು."

ಹೀಗೆ ಶುರುವಾಯಿತು. ಗುರುವಾರ ಬಂತೆಂದರೆ ನಿಲ್ಡಾ ಕೂದಲು ಬಾಚಿಕೊಳ್ಳುವಳು. ಬಾಚಿಕೊಂಡ ಮೇಲೆ ತನಗೆ ತಾನೇ ಬೈದುಕೊಳ್ಳುವಳು.

ಅವನ ಸರದಿ ಬಂದಾಗ ಮಾತ್ರ ಎಲಿಸೆಯೊ ನೋವು ಹೇಳುತ್ತಲೇ ಇರಲಿಲ್ಲ. ಪಕ್ಕದ ಮನೆಯವನು ಜಾತ್ರೆಯ ಕುಣಿತಕ್ಕೆಂದು ಬೆಳಗ್ಗೆದ್ದು ಟ್ರಂಪೆಟ್ ಊದುತ್ತಾನೆ, ನಿದ್ದೆಯಿಲ್ಲ... ಅದೊಂದೇ ಗೋಳು.

"ಎಷ್ಟು ವಾರ ಅದೇ ಟ್ರಂಪೆಟ್? ನಿಮಗೆ ಬೇರೆ ದುಃಖಾನೇ ಇಲ್ವಾ?"

"ಇರೋರು ಮೊದಲು ಹೇಳ್ಲಿ ಅಂತ" ಎಂದ. ಆಮೇಲೆ ಕಣ್ಣು ತಗ್ಗಿಸಿದ.

ಚಳಿಗಾಲದ ಒಂದು ಗುರುವಾರ ಅವಳು ಹೇಳಿಯೇಬಿಟ್ಟಳು.

"ನನ್ನ ಗಂಡ ರುಪೆರ್ತೊ. ಕಡಲಲ್ಲಿ ಸಾಲ್ಮನ್ ಮೀನು ಸಾಕೋ ಬಲೆ ನೋಡ್ಕೊಳ್ಳೋ ಮುಳುಗುಗಾರ. ಆವತ್ತು ಶೀತ ಆಗಿ ಕಿವಿ ಕಟ್ಟಿ ನೋಯ್ತಿತ್ತು, ಹಾಗೆ ನೀರಿಗೆ ಮುಳುಗಬಾರದು. 'ಇವತ್ತು ರಜ ಹಾಕ್ಲಾ ನಿಲ್ಡಾ' ಅಂತ ಕೇಳ್ದ. ನಂಗೆ ಶಾಲೆಗೆ ಹೊತ್ತಾಗ್ತಿತ್ತು. 'ಮನೇಲಿ ಕೂತು ಏನ್ಮಾಡ್ತೀಯ, ಹೋಗು' ಅಂದೆ. ಹೋದ. ಜೊತೆಯವರು ಮೇಲೆ ಬಂದ್ರು. ಅವನು ಬರ್ಲಿಲ್ಲ. ಹೆಣಾನೂ ಸಿಗ್ಲಿಲ್ಲ... ನಾನೇ ಕಳಿಸಿದ್ದು ಅಂತ ಅವರಮ್ಮಂಗೆ ಇವತ್ತಿಗೂ ಹೇಳಿಲ್ಲ."

ಪರದೆಯ ಮೇಲೆ ಅವನ ಮುಖ ಮಾಯವಾಯಿತು. ಕ್ಯಾಮೆರಾ ಆರಿಹೋಗಿತ್ತು.

"ಎಲಿಸೆಯೊ? ನೆಟ್‌ವರ್ಕ್ ಹೋಯ್ತಾ?"

ಎಷ್ಟೋ ಹೊತ್ತಿನ ಮೇಲೆ ಧ್ವನಿ ಮಾತ್ರ ಬಂತು. ಬಿರಿದ ಧ್ವನಿ.

"ಇಲ್ಲೇ ಇದೀನಿ ನಿಲ್ಡಾ. ನಿನ್ನ ಜೊತೇನೇ ಇದೀನಿ."

ಅಂದಿನಿಂದ 'ನೀವು' ಹೋಗಿ 'ನೀನು' ಬಂತು. ಗುರುವಾರ ಒಂದೇ ಸಾಲದೆ ಭಾನುವಾರವೂ ಮಾತು. ಜನವರಿಯಲ್ಲಿ ಎಲ್ಲರೂ ರಾಜಧಾನಿ ಸಾಂತಿಯಾಗೊಗೆ ಬಂದು ಒಂದು ವಾರ ಎದುರುಬದುರು ತರಗತಿಯಲ್ಲಿ ಕೂರಬೇಕಿತ್ತು.

"ಅಲ್ಲಿ ಸಿಕ್ಕಾಗ ನಿನಗೊಂದು ಮಾತು ಹೇಳ್ಬೇಕು" ಎಂದಿದ್ದ ಅವನು.

ನನಗೂ ಹೇಳುವುದಿದೆ... ಎಂದುಕೊಂಡಿದ್ದಳು ಅವಳು, ಮನಸ್ಸಿನಲ್ಲೇ.

ಆದರೆ ನವೆಂಬರ್‌ನಲ್ಲಿ ಎಲ್ಲವೂ ಮುರಿದುಬಿತ್ತು.

ಅಂದು ಪರದೆಯ ಮೇಲೆ ಸೇರಿದ ಇಡೀ ತರಗತಿಯ ಮುಂದೆ ಒಬ್ಬೊಬ್ಬರೂ ಒಂದು ಪ್ರಕರಣ ಮಂಡಿಸಬೇಕಿತ್ತು. ಎಲಿಸೆಯೊನ ಸರದಿ.

"ಒಬ್ಬ ಮನುಷ್ಯ" ಎಂದು ಶುರು ಮಾಡಿದ. "ಅವನ ತಮ್ಮನಿಗೆ ಜ್ವರ ಇತ್ತು. ಇವತ್ತು ಗಣಿ ಕೆಲಸಕ್ಕೆ ಹೋಗಲ್ಲ ಅಂದ. ಅಣ್ಣ ಬೈದು ಕಳಿಸಿದ. ತಮ್ಮ ತಿರುಗಿ ಬರಲಿಲ್ಲ. ತಾನೇ ಕಳಿಸಿದ್ದು ಅನ್ನೋದನ್ನ ಅಣ್ಣ ಇವತ್ತಿಗೂ ತಾಯಿಗೆ ಹೇಳಿಲ್ಲ..."

ಅದು ತನ್ನದೇ ಕಥೆ ಎನಿಸಿತು ನಿಲ್ಡಾಳಿಗೆ.

ಕಡಲು ಗಣಿಯಾಗಿತ್ತು. ಕಿವಿನೋವು ಜ್ವರವಾಗಿತ್ತು. ಹೆಂಡತಿ ಅಣ್ಣನಾಗಿದ್ದಳು. ಅಷ್ಟೇ ವ್ಯತ್ಯಾಸ!

"ನಂಗನ್ಸುತ್ತೆ" ಎಂದ ಸಹಪಾಠಿಯೊಬ್ಬ, ಕಾಫಿ ಹೀರುತ್ತ, "ಆ ಪಾಪಪ್ರಜ್ಞೆ ಬಿಟ್ರೆ ಆ ಮನುಷ್ಯನ ಹತ್ರ ಸತ್ತವನದ್ದು ಇನ್ನೇನೂ ಉಳಿದಿಲ್ಲ. ಅದಕ್ಕೇ ಬಿಡ್ತಿಲ್ಲ."

ಎಲ್ಲರೂ ತಲೆಯಾಡಿಸಿದರು. ಒಬ್ಬಾಕೆ ಬರೆದುಕೊಂಡಳು.

ನನ್ನ ರುಪೆರ್ತೊನನ್ನು ಬರೆದುಕೊಳ್ಳುತ್ತಿದ್ದಾರೆ... ನಿಲ್ಡಾ ತರಗತಿಯಿಂದ ಹೊರಬಿದ್ದಳು. ಅವನಿಗೆ ಬರೆದು ಕಳಿಸಿದಳು: "ನನ್ನ ಗಂಡನ ಸಾವನ್ನ ಅಂಕಕ್ಕೆ ಮಾರ್ಕೊಂಡೆ. ಇನ್ನು ನಿನ್ನ ಮುಖ ನೋಡಲ್ಲ." ಮರುಕ್ಷಣವೇ ಅವನ ನಂಬರು ಬ್ಲಾಕ್ ಮಾಡಿದಳು. ಜೋಡಿ ಬದಲಿಸಿಕೊಂಡಳು. ಇಡೀ ತರಗತಿ ಸೇರುವ ದಿನ ಹೋಗುವುದನ್ನೇ ಬಿಟ್ಟಳು.

ರುಪೆರ್ತೊ ಹೋದಾಗ ಅವಳು ಅತ್ತಿರಲಿಲ್ಲ, ಕಲ್ಲಾಗಿದ್ದಳು. ಈಗ ಒಲೆಗೆ ಸೌದೆ ಇಡುವಾಗ, ಮಕ್ಕಳ ಪುಸ್ತಕ ತಿದ್ದುವಾಗ ಸುಮ್ಮನೆ ಕಣ್ಣು ತುಂಬುತ್ತಿತ್ತು. ಒಬ್ಬನನ್ನು ನೀರು ನುಂಗಿತು. ಇನ್ನೊಬ್ಬ... ಅವನು ನನ್ನವನೇ ಆಗಿರಲಿಲ್ಲವಲ್ಲ. ಆದರೂ ಯಾಕಿಷ್ಟು ಉರಿ?

ಜನವರಿ ಬಂತು. ಸಾಂತಿಯಾಗೊದ ನಡುಬೇಸಿಗೆಯ ಬಿಸಿಲು. ಅವನು ಎದುರಾದರೆ ಮುಖ ತಿರುಗಿಸುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿ ಬಂದವಳಿಗೆ, ಅವನು ಬಂದೇ ಇಲ್ಲ ಎಂದು ತಿಳಿದಾಗ ಎದೆ ಖಾಲಿಯಾಯಿತು.

ಮಧ್ಯಾಹ್ನ ಎಂಪನಾಡ ಕಡುಬು ತಿನ್ನುತ್ತ ಸಹಪಾಠಿ ಯಾಸ್ನಾ ಹೇಳಿದಳು. ಅವಳೂ ಉತ್ತರದ ಮರುಭೂಮಿಯ ಕಡೆಯವಳೇ.

"ಪಾಪ ಎಲಿಸೆಯೊ. ಆವತ್ತು ತಮ್ಮನ ವಿಷಯ ಹೇಳಿದ್ಮೇಲೆ ಅವನು ತರಗತಿಗೆ ಬರೋದನ್ನೇ ಬಿಟ್ಬಿಟ್ಟ."

"ಯಾರ ತಮ್ಮ?"

"ನೀನಿರ್ಲಿಲ್ವಾ? ಕೊನೇಲಿ ಮೇಡಂ ಕೇಳಿದ್ರು, 'ಈ ಮನುಷ್ಯನನ್ನ ಎಲ್ಲಿ ಭೇಟಿಯಾದ್ರಿ' ಅಂತ. 'ಕನ್ನಡೀಲಿ' ಅಂದ. ಎಲ್ರೂ ಅತ್ತುಬಿಟ್ವಿ ಕಣೇ."

ನಿಲ್ಡಾಳ ಕೈಯಲ್ಲಿದ್ದದ್ದು ತಟ್ಟೆಗೆ ಬಿತ್ತು.

ಆ ಗುರುವಾರ ಆರಿಹೋದ ಕ್ಯಾಮೆರಾ. ಬಿರಿದ ಧ್ವನಿ. ಅದು ನೆಟ್‌ವರ್ಕ್ ಅಲ್ಲ... ಅವನು ಅಳುತ್ತಿದ್ದ.

ತರಗತಿಗಳು ಮುಗಿದ ದಿನ ಅವಳು ದಕ್ಷಿಣದ ಬಸ್ಸು ಹತ್ತಲಿಲ್ಲ. ಉತ್ತರಕ್ಕೆ ಹೊರಟಳು.

ಕಲಾಮಾದ ಆಸ್ಪತ್ರೆಯ ಗೇಟಿನ ಬಳಿ, ಪಾಳಿ ಮುಗಿಸಿ ಹೊರಬಂದ ಎಲಿಸೆಯೊ ಅವಳನ್ನು ಕಂಡು ನಿಂತುಬಿಟ್ಟ. ಪರದೆಯ ಮೇಲೆ ಹೆಗಲವರೆಗಷ್ಟೇ ಕಂಡಿದ್ದ ಮನುಷ್ಯ.

"ನೀನಿಷ್ಟು ಉದ್ದ ಅಂತ ಗೊತ್ತಿರ್ಲಿಲ್ಲ" ಎಂದಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ನಿಲ್ಡಾ..."

"ನಾನು ಮೊದಲೇ ಎದ್ದುಹೋಗಿದ್ದೆ. ಕೊನೇ ಮಾತು ಕೇಳ್ಲೇ ಇಲ್ಲ. ನಿನ್ನ ದುಃಖಾನ ಕಳ್ಳಮಾಲು ಅಂದುಬಿಟ್ಟೆ."

ಇಬ್ಬರೂ ಬೆಂಚಿನ ಮೇಲೆ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳಿದ ದಿನಾನೇ ಹೇಳ್ಬೇಕಿತ್ತು. ಆದ್ರೆ ನಿನ್ನ ಸಾವಿನ ಪಕ್ಕ ನನ್ನದನ್ನೂ ತಂದಿಟ್ರೆ, ಸಮಾಧಾನಕ್ಕೆ ಕಟ್ಟಿದ ಕಥೆ ಅಂದ್ಕೊಳ್ತೀಯೇನೋ ಅನ್ನಿಸ್ತು. ನಿನ್ನೊಬ್ಬಳ ಕಣ್ಣಿಗೆ ಕಣ್ಣು ಕೊಟ್ಟು ಹೇಳೋ ಧೈರ್ಯ ಇರ್ಲಿಲ್ಲ. ಗುಂಪಲ್ಲಿ ಹೇಳಿದ್ರೆ ನೀನೂ ಕೇಳಿಸ್ಕೊಳ್ತೀಯ ಅಂದ್ಕೊಂಡೆ."

"ಹೆಸರೇನು?"

"ಎಡ್ಮುಂಡೊ. ಇಪ್ಪತ್ತೆರಡು ಅವನಿಗೆ. 'ಸೋಮಾರಿ' ಅಂದಿದ್ದೆ. ಅದೇ ಕೊನೇ ಮಾತು."

ನಿಲ್ಡಾ ಅವನ ಕೈ ಹಿಡಿಯಲು ಹೋಗಿ ತಡೆದಳು.

"ನಿನಗೆ ಹೇಳೋದು ಬೇಕಾದಷ್ಟಿದೆ ಎಲಿಸೆಯೊ. ಆದ್ರೆ ಅತ್ತೆಗೆ ಹೇಳ್ಬೇಕಾದ್ದು ಒಳಗೇ ಇರೋವಾಗ ಬೇರೆ ಮಾತು ಬಾಯಿಗೆ ಬರಲ್ಲ. ಮೊದಲು ಊರಿಗೆ ಹೋಗಿ ಅದನ್ನ ಹೇಳ್ತೀನಿ."

"ನಾನೂ ಬರ್ಲಾ?"

"ಬೇಡ. ನಿನಗೂ ಅಮ್ಮ ಇದಾರೆ."

ಅವನು ತಲೆ ತಗ್ಗಿಸಿದ. ಅವಳು ಹೊರಟಾಗ ಬಸ್ಸಿನವರೆಗೂ ಬಂದ, ಕೈಬೀಸಲಿಲ್ಲ.

ರುಪೆರ್ತೊನ ತಾಯಿ ಊಬೆರ್ಲಿಂಡಾ ಅಡುಗೆಮನೆಯಲ್ಲಿ ಮಿಲ್ಕಾವೊ ರೊಟ್ಟಿಗೆ ಆಲೂಗಡ್ಡೆ ತುರಿಯುತ್ತಿದ್ದಳು. ನಿಲ್ಡಾ ಕೂರಲೂ ಇಲ್ಲ. ನಿಂತೇ ಹೇಳಿದಳು. ಕಿವಿನೋವು, ರಜ, 'ಹೋಗು' ಎಂದ ಮಾತು... ಎಲ್ಲ.

ತುರಿಯುವ ಸದ್ದು ನಿಂತಿತು. ಹೊರಗೆ ಹಾಕುವಳೇನೋ ಎಂದು ಅವಳು ಕಾದಳು.

"ಆವತ್ತು ದಾರೀಲಿ ಇಲ್ಲಿಗೂ ಬಂದಿದ್ದ ಮಗಳೇ" ಎಂದಳು ಮುದುಕಿ, ಒಲೆಯನ್ನೇ ನೋಡುತ್ತ. "ಕಿವಿ ನೋವಮ್ಮ ಅಂದ. ನಾನು ಎಣ್ಣೆ ಬೆಚ್ಚಗೆ ಮಾಡಿ ಬಿಟ್ಟು, ಹತ್ತಿ ಇಟ್ಟು, 'ಸರಿಹೋಗುತ್ತೆ, ನಡಿ' ಅಂತ ನಾನೇ ಗೇಟು ತೆಗೆದು ಕಳಿಸ್ದೆ."

"ಅತ್ತೆ..."

"ನಿನಗೆ ಗೊತ್ತಾದ್ರೆ ಮುಖ ನೋಡಲ್ಲ ಅಂತ ಹೆದರ್ಕೊಂಡಿದ್ದೆ. ಅದಕ್ಕೇ ಹೆಚ್ಚು ಮಾತಾಡ್ತಿರ್ಲಿಲ್ಲ."

ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಹಿಡಿದು ಅತ್ತರು. ಒಂದೇ ಓಣಿಯಲ್ಲಿ ಇಷ್ಟು ವರ್ಷ ಬೇರೆ ಬೇರೆ ಬಚ್ಚಿಟ್ಟದ್ದನ್ನೆಲ್ಲ ಸೇರಿಸಿ ಅತ್ತರು.

ಕಣ್ಣೊರೆಸಿಕೊಂಡ ಮೇಲೆ ನಿಲ್ಡಾ ತಡವರಿಸಿದಳು. "ಇನ್ನೊಂದು ವಿಷಯ ಇದೆ ಅತ್ತೆ. ಒಬ್ಬರು..."

"ಉತ್ತರದವನು ತಾನೇ? ಶಾಲೆ ಗೋಡೆ ತೆಳು. ನೀನು ಗುರುವಾರ ನಗೋದು ಅರ್ಧ ಊರಿಗೆ ಕೇಳುತ್ತೆ."

ನಿಲ್ಡಾ ನಾಚಿ ಮುಖ ಮುಚ್ಚಿಕೊಂಡಳು.

"ಕರೆಸು" ಎಂದಳು ಊಬೆರ್ಲಿಂಡಾ. ಆಮೇಲೆ ಮತ್ತೆ ಆಲೂಗಡ್ಡೆ ಕೈಗೆತ್ತಿಕೊಂಡಳು. "ಆದ್ರೆ ಮೊದಲು ಚರ್ಚಲ್ಲಿ ನನ್ನ ಮಗನ ಹೆಸರಲ್ಲಿ ಒಂದು ಪೂಜೆ ಆಗ್ಲಿ. ಅವನನ್ನ ಸರಿಯಾಗಿ ಕಳಿಸಿಕೊಡೋಣ."

ಮಾರ್ಚಿನಲ್ಲಿ ಪೂಜೆ ಆಯಿತು. ಅದಾದ ಮೂರನೆಯ ವಾರ ಎಲಿಸೆಯೊ ಬಂದ.

ದೋಣಿಕಟ್ಟೆಯಲ್ಲಿ ಕಾದು ನಿಂತ ನಿಲ್ಡಾಳಿಗೆ ಅವನ ನಡಿಗೆ ಕಂಡೇ ಅರ್ಥವಾಯಿತು, ಏನೋ ಆಗಿದೆ ಎಂದು.

"ಅಮ್ಮಂಗೆ ಹೇಳ್ದೆ" ಎಂದ.

"ಏನಂದ್ರು?"

"ಏನೂ ಅನ್ಲಿಲ್ಲ. ಊಟಕ್ಕೆ ಕೂತಿದ್ವಿ. ಎದ್ದು ಬಂದು ನನ್ನ ತಟ್ಟೆ ತೆಗೆದಿಟ್ಲು. ಆಮೇಲೂ ನನ್ನ ಹತ್ರ ಮಾತಾಡಿಲ್ಲ. ತನ್ನ ತಂಗಿ ಮನೆಗೆ ಹೋಗ್ಬಿಟ್ಲು." ಅವನು ತುಟಿ ಕಚ್ಚಿದ. "ಕ್ಷಮಿಸ್ತಾಳಾ ನಿಲ್ಡಾ?"

ಹೂಂ ಎನ್ನಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತು! ಆದರೆ ಅವನಿಗೆ ಸುಳ್ಳು ಹೇಳಲಾರಳು.

"ಗೊತ್ತಿಲ್ಲ" ಎಂದಳು.

"ನಾವು ಓದಿದ ಪುಸ್ತಕದಲ್ಲಿ ಏನಾದ್ರೂ ಇದ್ಯಾ ಇದಕ್ಕೆ?"

"ಇದೆ. ಓದಿದೆ, ಸಾಲಲ್ಲ."

ಅವನು ನಗಲು ಹೋದ. ನಗು ಅರ್ಧದಲ್ಲೇ ಅಳುವಾಯಿತು. ಈ ಸಲ ಮರೆಮಾಡಲು ಕ್ಯಾಮೆರಾ ಇರಲಿಲ್ಲ. ದೋಣಿಯಿಂದ ಇಳಿದವರು ನೋಡುತ್ತಿದ್ದರೂ ನಿಲ್ಡಾ ಅವನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಅವನು ಬಗ್ಗಬೇಕಾಯಿತು.

"ನಿನ್ನನ್ನ ಪ್ರೀತಿಸ್ತೀನಿ ಅಂತ ಹೇಳೋಕೆ ಅಷ್ಟು ದೂರದಿಂದ ಬಂದೆ" ಎಂದ ಅವಳ ಕೋಟಿನೊಳಗೆ. "ಹೀಗೆ ಅಳ್ತಾ ಹೇಳ್ಬೇಕಾಗುತ್ತೆ ಅಂದ್ಕೊಂಡಿರ್ಲಿಲ್ಲ."

"ದೋಣಿ ಸದ್ದಲ್ಲಿ ಸರಿಯಾಗಿ ಕೇಳ್ಲಿಲ್ಲ. ಇನ್ನೊಂದ್ಸಲ ಹೇಳು."

ಹೇಳಿದ.

"ನಾನೂ..." ಎಂದಳು ಅವಳು. ಅವನ ಕೈಯಿಂದ ಚೀಲ ತೆಗೆದುಕೊಂಡಳು.

"ನಡಿ, ಅತ್ತೆ ಕಾಯ್ತಿದಾರೆ. ಬೆಳಗ್ಗೆಯಿಂದ ಅಡುಗೆ."

"ನಂಗೆ ಈಗ ಏನೂ ಸೇರಲ್ಲ ನಿಲ್ಡಾ."

"ಸೇರದಿದ್ರೆ ಬೇಡ. ಸುಮ್ನೆ ಬಂದು ಕೂತ್ಕೋ" ಎಂದಳು. "ನಿನ್ನ ತಟ್ಟೆ ಹಾಕಿದಾರೆ."